ಸುರೆಯ ಸಾಬೂನಿಗೆ ಬೆಲೆ ಕಟ್ಟುವ ಬಗೆ

ಪದಗಳ ಹುಟ್ಟನ್ನು ಹುಡುಕಿಕೊಂಡು ಹೊರಟವನು ಕೆಲವು ವೇಳೆ ಎಣಿಸದ ನೆಂಟಸ್ತಿಕೆಗಳನ್ನು ಕಾಣುತ್ತಾನೆ. ಸಾಬೂನು ಮಾಡಲು ಬೇಕಾದ ಕ್ಷಾರಕ್ಕೆ ರಸಾಯನಶಾಸ್ತ್ರಜ್ಞರು ಆಲ್ಕಲಿ ಎನ್ನುತ್ತಾರೆ. ಮದ್ಯದ ಸಾರಕ್ಕೆ ಆಲ್ಕೊಹಾಲ್ ಎನ್ನುತ್ತಾರೆ. ಎರಡೂ ಅರಬರ ಮಾತು. ಮೊದಲನೆಯದಕ್ಕೆ ಮೂಲದಲ್ಲಿ ಗಿಡ ಸುಟ್ಟ ಬೂದಿ ಎಂದರ್ಥ. ಎರಡನೆಯದಕ್ಕೆ ಕಣ್ಣಿಗೆ ಹಚ್ಚುವ ಕಾಡಿಗೆಯ ನುಣುಪಾದ ಪುಡಿ ಎಂದರ್ಥ. ಕಾಡಿಗೆಯಿಂದ ಮದ್ಯಕ್ಕೆ ಆ ಪದ ಇಳಿದುಬಂದ ದಾರಿ ದೀರ್ಘವಾದುದು, ಇಲ್ಲಿ ಬೇಡ. ಸಾಬೂನು ಎಂಬ ಮಾತೂ ಅರಬೀ ಪಾರಸೀಗಳ ಮಾರ್ಗವಾಗಿಯೇ ನಮ್ಮ ಮನೆಯ ಬಚ್ಚಲಿಗೆ ಬಂದದ್ದು. ಇನ್ನು ಮದ್ಯದ ಮೇಲಿನ ಸುಂಕವನ್ನು ನೋಡಿಕೊಳ್ಳುವ ಇಲಾಖೆಗೆ ನಾವಿಟ್ಟುಕೊಂಡ ಹೆಸರು ಅಬಕಾರಿ. ಪಾರಸಿಯಲ್ಲಿ ‘ಆಬ್’ ಎಂದರೆ ನೀರು, ‘ಕಾರಿ’ ಎಂದರೆ ಕೆಲಸ. ನೀರಿನ ಕೆಲಸವೆಂದರೆ ಅಗಸನದೂ ನೀರಿನ ಕೆಲಸವೇ ಅಲ್ಲವೆ? 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದು, 1956ರಲ್ಲಿ ಕನ್ನಡ ರಾಜ್ಯವನ್ನು ಸೇರಿದ ನಮ್ಮ ರಾಯಚೂರು ಸೀಮೆಯಲ್ಲಿ ಇಂಥ ಮಾತುಗಳು ಮನೆಯ ಮಕ್ಕಳಂತೆ ಓಡಾಡಿಕೊಂಡಿವೆ. ಆದರೂ ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿ ಸಾಬೂನು ಇಂದಿಗೂ ‘ಸಬಕಾರ’ವೇ. ಆ ಕೊನೆಯ ‘ಕಾರ’ದಲ್ಲಿ ನನ್ನ ಕಿವಿಗೆ ‘ಕ್ಷಾರ’ ಕೇಳಿಸುತ್ತದೆ. ನಿಘಂಟುಕಾರರು ಒಪ್ಪದಿದ್ದರೆ ಜಗಳವಿಲ್ಲ.

ಸುರೆಯೂ ಸ್ನಾನವೂ ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುವುದು ನಮ್ಮ ಕಾವ್ಯಕ್ಕೆ ಹೊಸದಲ್ಲ. ಮಹಾಕಾವ್ಯಕ್ಕೆ ದಂಡಿ ಹೇಳಿದ ವರ್ಣನೆಗಳಲ್ಲಿ ಜಲಕ್ರೀಡೆ ಮಧುಪಾನಗಳು ಒಂದರ ಬೆನ್ನಿಗೊಂದು ಬರುತ್ತವೆ. ತರಗತಿಯಲ್ಲಿ ಅಷ್ಟಾದಶ ವರ್ಣನೆಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗಳು ಇದನ್ನು ಬಲ್ಲರು. ಆದರೆ ಅದು ಅರಮನೆಯ ಮಾತು. ಕಾಯಕದ ಮಾತಿಗೆ ಬಂದರೆ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯಬೇಕು. ಅಲ್ಲಿ ಶರಣರ ಬಟ್ಟೆಗಳನ್ನು ಮಡಿ ಮಾಡುತ್ತಿದ್ದ ಮಾಚಯ್ಯನೂ ಇದ್ದ. ಹೆಂಡ ಮಾರುವುದನ್ನೇ ಕಾಯಕವಾಗಿ ಉಳ್ಳ ಮಾರಯ್ಯನೂ ಇದ್ದ. ಹೆಂಡದ ಮಾರಯ್ಯನ ವಚನಗಳು ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ನಮಗೆ ದೊರೆತಿವೆ. ತೊಳೆಯುವವನಿಗೂ ಕುಡಿಸುವವನಿಗೂ ಒಂದೇ ಸಭೆಯಲ್ಲಿ ಎಡೆ ದೊರೆತದ್ದನ್ನು ಪಾಠ ಹೇಳುವಾಗಲೆಲ್ಲ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಈ ಇಬ್ಬರೂ ಒಂದೇ ಬಿಲ್ಲೆ ಸಾಬೂನಿನಲ್ಲಿ ಕೂಡಿಕೊಂಡು ನನ್ನ ಮೇಜಿನ ಮೇಲೆ ಬಂದು ಕೂರುವರೆಂದು ಮಾತ್ರ ಎಣಿಸಿರಲಿಲ್ಲ. ಅದರ ಕಥೆಗೆ ಬರುವ ಮುನ್ನ ನಮ್ಮ ಕಡೆ ಸಾಬೂನು ಬಂದ ಬಗೆಯನ್ನು ಎರಡು ಮಾತಿನಲ್ಲಿ ಹೇಳಬೇಕು.

ಮಾನ್ವಿಯ ನೆಲ ಕೃಷ್ಣೆ ತುಂಗಭದ್ರೆಯರ ನಡುವಿನ ದೋಆಬದ ನೆಲ. ಇಲ್ಲಿಯ ಅಗಸರಿಗೆ ನೆಲವೇ ಸಾಬೂನನ್ನು ಕೊಟ್ಟಿತ್ತು. ಸವಳುಮಣ್ಣನ್ನು ಬಳಿದು ತಂದು, ನೀರಿನಲ್ಲಿ ಕಲಸಿ, ಅದರ ತಿಳಿಯಲ್ಲಿ ಬಟ್ಟೆ ಅದ್ದಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಹಳ್ಳದ ಬಂಡೆಗೆ ಒಗೆದರೆ ಧೋತರ ಹಂಸದಂತೆ ಬೆಳ್ಳಗಾಗುತ್ತಿತ್ತು. ಆ ಮಣ್ಣಿನಲ್ಲಿರುವುದು ಸೋಡಾದ ಅಂಶ, ಎಂದರೆ ಸಾಬೂನಿನ ಅರ್ಧ ಶರೀರ. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಭತ್ತ ಬೆಳೆಯುವ ರೈತನು ಅದೇ ಸವಳನ್ನು ಕಂಡು ತಲೆಯ ಮೇಲೆ ಕೈಹೊತ್ತು ಕೂರುವಂತಾಯಿತು. ಒಬ್ಬರ ಸಾಬೂನು ಮತ್ತೊಬ್ಬರ ಶಾಪ. ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಕಾಯಿ, ರೇಷ್ಮೆಗೆ ಅಂಟವಾಳಕಾಯಿ. ಕಾರ್ಖಾನೆಯ ಸಾಬೂನು ಬಂದಾಗ ಮಡಿವಂತರ ಮನೆಗಳು ಅದನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿದವು. ಅದರಲ್ಲಿ ಪ್ರಾಣಿಯ ಕೊಬ್ಬು ಇರಬಹುದೆಂಬ ಶಂಕೆ. ಆ ಶಂಕೆ ಆಧಾರವಿಲ್ಲದ್ದೇನೂ ಅಲ್ಲ. ಯುರೋಪಿನ ಸಾಬೂನಿಗೆ ದನದ ಕೊಬ್ಬು ಬಹುಕಾಲ ಮುಖ್ಯ ದ್ರವ್ಯವಾಗಿತ್ತು. ಮೈಲಿಗೆಯನ್ನು ಕಳೆಯುವ ವಸ್ತುವೇ ಮೈಲಿಗೆಯಾದರೆ ಮಾಡುವುದೇನು? ಜಗನ್ನಾಥದಾಸರು ಬಾಳಿದ ಊರಿನಲ್ಲಿ ಈ ಪ್ರಶ್ನೆ ಸಣ್ಣದಾಗಿರಲಾರದು. ಅದಕ್ಕೆ ಉತ್ತರ ಬಂದದ್ದು ಮೈಸೂರಿನ ಕಡೆಯಿಂದ. ಮೊದಲನೆಯ ಮಹಾಯುದ್ಧದಲ್ಲಿ ಶ್ರೀಗಂಧದ ಕೊರಡುಗಳು ಯುರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯುವ ಏರ್ಪಾಡು ಮಾಡಿದರು. ಇಂಗ್ಲೆಂಡಿನಲ್ಲಿ ಶಿಕ್ಷಣ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಕೈಗುಣದಿಂದ 1918ರಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಲ್ಲಿ ಸಾಬೂನು ಹೊರಬಂದಿತು. ಆನೆಯ ತಲೆಯೂ ಸಿಂಹದ ಮೈಯೂ ಉಳ್ಳ ಶರಭವನ್ನು ಹೊದಿಕೆಯ ಮೇಲೆ ಹೊತ್ತು ಬಂದ ಆ ಗಂಧದ ಬಿಲ್ಲೆಯನ್ನು ದೇವರ ಕೋಣೆಯ ಪಕ್ಕದಲ್ಲಿಡಲೂ ಯಾರೂ ಅಂಜಲಿಲ್ಲ. ಹೆಸರು, ಪರಿಮಳ, ನಂಬಿಕೆ ಇವು ಮೂರೂ ಎಣ್ಣೆ ಕ್ಷಾರಗಳಷ್ಟೇ ಸಾಬೂನಿಗೆ ಬೇಕೆಂಬುದನ್ನು ಆಗಲೇ ಬಲ್ಲವರು ಬಲ್ಲರು.

ಇಷ್ಟು ಪೀಠಿಕೆ ಏಕೆಂದರೆ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಬಿ.ಎ. ಮುಗಿಸಿ ಮಾನ್ವಿಯಲ್ಲಿಯೇ ಮನೆ ಹೂಡಿಕೊಂಡಿರುವವಳು, ಕೆಲವು ತಿಂಗಳ ಹಿಂದೆ ಕಾಲೇಜಿಗೆ ಬಂದು ಮೇಜಿನ ಮೇಲೆ ಕಂದು ಬಣ್ಣದ ಒಂದು ಬಿಲ್ಲೆಯನ್ನಿಟ್ಟಳು. ಅವಳು ಎರಡು ವರ್ಷದಿಂದ ಮನೆಯಲ್ಲಿ ಸಾಬೂನು ಮಾಡುತ್ತಿರುವುದು ನನಗೆ ಗೊತ್ತಿತ್ತು; ಬೇವಿನೆಣ್ಣೆಯ ಬಿಲ್ಲೆಗಳನ್ನು ಹಬ್ಬಕ್ಕೆ ನಮ್ಮ ಮನೆಗೂ ಕೊಟ್ಟು ಹೋಗಿದ್ದಳು. ಈ ಸಲದ್ದು ಬೇರೆ. “ಇದು ಬಿಯರಿಂದು ಸರ. ಬೆಂಗಳೂರಿನ ಅಂಗಡಿಯವರು ಕೇಳ್ಯಾರ. ಇನ್ನೂರು ಬೇಕಂತ. ಇದಕ್ಕ ರೇಟು ಎಷ್ಟು ಹಚ್ಚಲಿ, ಹೆಸರು ಏನಿಡಲಿ, ಎರಡೂ ನೀವೇ ಹೇಳ್ರಿ” ಎಂದಳು. ಕನ್ನಡದ ಮೇಷ್ಟ್ರ ಬಳಿ ಹೆಸರನ್ನು ಕೇಳುವುದು ನ್ಯಾಯ. ಬೆಲೆಯನ್ನು ಕೇಳುವುದು ವಿಶ್ವಾಸ. ನಾನು ಬಿಲ್ಲೆಯನ್ನು ಮೂಸಿ ನೋಡಿದೆ. ಹುರಿದ ಧಾನ್ಯದಂಥ ತೆಳುವಾದ ವಾಸನೆ, ಅಷ್ಟೇ.

ಮಾಡುವ ಕ್ರಮವನ್ನು ಅವಳು ವಿವರಿಸಿದಂತೆಯೇ ಬರೆಯುತ್ತೇನೆ. ಸಾಬೂನೆಂದರೆ ಎಣ್ಣೆಗೂ ದಾಹಕ ಸೋಡಾಕ್ಕೂ ನಡೆಯುವ ಮದುವೆ. ಸೋಡಾವನ್ನು ನೀರಿನಲ್ಲಿ ಕರಗಿಸಿ, ಆರಿದ ಮೇಲೆ ಎಣ್ಣೆಗೆ ಹೊಯ್ದು ಕಡೆಯುತ್ತ ಹೋದರೆ ಅದು ಮಜ್ಜಿಗೆಹುಳಿಯ ಹದಕ್ಕೆ ಬರುತ್ತದೆ. ಆಗ ಅಚ್ಚಿಗೆ ಸುರಿದು, ಮರುದಿನ ಕೊಯ್ದು, ಗಾಳಿಯಾಡುವ ಕಡೆ ನಾಲ್ಕರಿಂದ ಆರು ವಾರ ಒಣಗಲಿಡಬೇಕು. ಎಣ್ಣೆಯೂ ಉಳಿಯುವುದಿಲ್ಲ, ಸೋಡಾವೂ ಉಳಿಯುವುದಿಲ್ಲ. ಸಾಬೂನೂ ಗ್ಲಿಸರಿನ್ನೂ ಉಳಿಯುತ್ತವೆ. ಪ್ರತಿಯೊಂದು ಎಣ್ಣೆಯೂ ತನಗೆ ಬೇಕಾದಷ್ಟೇ ಸೋಡಾವನ್ನು ಬೇಡುತ್ತದೆ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ 0.183 ಗ್ರಾಂ, ಶೇಂಗಾ ಎಣ್ಣೆಗೆ 0.136, ಔಡಲೆಣ್ಣೆಗೆ 0.128, ಬೇವಿನೆಣ್ಣೆಗೆ ಸುಮಾರು 0.137. ಅವಳು ಒಂದು ಸಲಕ್ಕೆ ಕೊಬ್ಬರಿ ಎಣ್ಣೆ 400 ಗ್ರಾಂ, ಶೇಂಗಾ ಎಣ್ಣೆ 400 ಗ್ರಾಂ, ಔಡಲ ಮತ್ತು ಬೇವಿನೆಣ್ಣೆ ತಲಾ 100 ಗ್ರಾಂ ತೆಗೆದುಕೊಳ್ಳುತ್ತಾಳೆ. ಗುಣಿಸಿ ಕೂಡಿದರೆ 154 ಗ್ರಾಂ ಸೋಡಾ. ಅದರಲ್ಲಿ ನೂರಕ್ಕೆ ಐದರಂತೆ ಕಡಮೆ ಮಾಡಿ 146 ಗ್ರಾಂ ಹಾಕುತ್ತಾಳೆ. ಹಾಗೆ ಮಾಡಿದರೆ ಸ್ವಲ್ಪ ಎಣ್ಣೆ ಮದುವೆಯಾಗದೆ ಉಳಿದು ಮೈಗೆ ಮೃದುವಾಗುತ್ತದೆ, ಸೋಡಾ ಉಳಿದು ಚರ್ಮ ಸುಡುವ ಭಯವಿರುವುದಿಲ್ಲ. ಛಂದಸ್ಸಿನಲ್ಲಿ ಮಾತ್ರೆ ಎಣಿಸಲು ಬೇಸರಪಡುತ್ತಿದ್ದ ಹುಡುಗಿ ಈಗ ದಶಾಂಶದ ಮೂರನೆಯ ಸ್ಥಾನದವರೆಗೆ ಲೆಕ್ಕ ಹೇಳುವುದನ್ನು ಕೇಳಿ ನನಗೆ ಸಂತೋಷವಾಯಿತು. ಕೊಂಚ ಅಸೂಯೆಯೂ ಆಯಿತೆನ್ನಿ.

ಬಿಯರಿನ ಸಾಬೂನಿನಲ್ಲಿ ನೀರಿನ ಸ್ಥಾನಕ್ಕೆ ಬಿಯರು ಬರುತ್ತದೆ. ಆದರೆ ಸೀಸೆಯನ್ನು ತೆರೆದು ಹಾಗೆಯೇ ಸುರಿಯುವಂತಿಲ್ಲ. ಅದರಲ್ಲಿ ಬುರುಗು ಏಳಿಸುವ ಅನಿಲವಿದೆ, ಆಲ್ಕೊಹಾಲಿದೆ, ಮೊಳಕೆ ಬರಿಸಿದ ಜವೆಗೋಧಿಯ ಸಕ್ಕರೆಯ ಅಂಶವಿದೆ. ಸೋಡಾ ದ್ರವಕ್ಕೆ ಬಿದ್ದೊಡನೆ ತಾನೇ ಕೆಂಡದಂತೆ ಕಾಯುವ ವಸ್ತು. ಸಕ್ಕರೆಯ ಅಂಶ ಆ ಕಾವನ್ನು ಇನ್ನಷ್ಟು ಏರಿಸುತ್ತದೆ. ಮೊದಲ ಸಲ ಅವಳು ಅನಿಲ ಪೂರ್ತಿ ಹೋಗುವ ಮುನ್ನವೇ ಸೋಡಾ ಹಾಕಿದ್ದರಿಂದ ಬುರುಗು ಪಾತ್ರೆಯ ಕಂಠವನ್ನು ಮೀರಿ ಕಟ್ಟೆಯ ಮೇಲೆಲ್ಲ ಹರಿಯಿತಂತೆ. ಕೈಗವಸು ಇದ್ದುದರಿಂದ ಬದುಕಿದಳು. ಆಲ್ಕೊಹಾಲಿನ ಉಪದ್ರವ ಮತ್ತೊಂದು ಬಗೆಯದು. ಅದು ಎಣ್ಣೆಯನ್ನೂ ಕ್ಷಾರವನ್ನೂ ಬೇಗ ಬೇಗ ಕೂಡಿಸಿಬಿಡುವುದರಿಂದ, ನಿಧಾನವಾಗಿ ಹದಕ್ಕೆ ಬರಬೇಕಾದ ಪಾಕ ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿಯಾಗಿ ಕಟ್ಟಿಗೆಯನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಈಗ ಅವಳು ಸೀಸೆಯನ್ನು ರಾತ್ರಿಯೆಲ್ಲ ತೆರೆದಿಟ್ಟು, ಬೆಳಿಗ್ಗೆ ಸಣ್ಣ ಉರಿಯಲ್ಲಿ ಕುದಿಸುತ್ತಾಳೆ. 650 ಮಿಲಿಲೀಟರಿನ ಒಂದು ಸೀಸೆ ಕುದಿದು ಅರ್ಧಕ್ಕಿಳಿಯುವಷ್ಟರಲ್ಲಿ ಆಲ್ಕೊಹಾಲು ಬಹುಮಟ್ಟಿಗೆ ಹಾರಿಹೋಗಿರುತ್ತದೆ. ಆ ಉಳಿದ ಅರ್ಧವನ್ನು ಮಂಜಿನಂತೆ ತಣ್ಣಗಾಗಿಸಿ, ಸ್ಟೀಲಿನ ಪಾತ್ರೆಯಲ್ಲಿ, ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಬಿಯರಿಗೆ ಸೇರಿಸಬೇಕೇ ಹೊರತು ಬಿಯರನ್ನು ಸೋಡಾಕ್ಕೆ ಸುರಿಯಬಾರದು. ಅಲ್ಯೂಮಿನಿಯಮ್ ಪಾತ್ರೆಯಂತೂ ಕೂಡದು. ಸೋಡಾ ಅದನ್ನು ತಿಂದು ಹೊತ್ತಿಕೊಳ್ಳುವ ಅನಿಲವನ್ನು ಬಿಡುತ್ತದೆ. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಈ ಕೆಲಸಕ್ಕೆ ಬೆಳಗಿನ ಜಾವವೇ ಸರಿ. ಸೋಡಾ ಬಿದ್ದಾಗ ಏಳುವ ವಾಸನೆಯನ್ನು ಅವಳು ವರ್ಣಿಸಲಿಲ್ಲ, ಮೂಗು ಹಿಂಡಿ ತೋರಿಸಿದಳು. ಒಣಗುವ ಕಾಲಕ್ಕೆ ಅದು ಹೋಗುತ್ತದೆಯಂತೆ.

ಅಂದಮೇಲೆ ಬಿಲ್ಲೆಯಲ್ಲಿ ಉಳಿಯುವ ಬಿಯರು ಎಷ್ಟು? ಅಮಲು ಹೋಯಿತು, ಬುರುಗು ಹೋಯಿತು. ಉಳಿದದ್ದು ಸಕ್ಕರೆಯ ಅಂಶ, ಒಂದಿಷ್ಟು ಧಾನ್ಯದ ಸತ್ವ, ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿ. ಸಕ್ಕರೆಯಿಂದ ನೊರೆ ಹೆಚ್ಚುತ್ತದೆ, ಬಣ್ಣ ಕಂದಾಗುತ್ತದೆ, ಇದು ದಿಟ. ಚರ್ಮ ಕಾಂತಿಯುಕ್ತವಾಗುತ್ತದೆ, ಯೌವನ ಮರಳುತ್ತದೆ ಎಂಬುದೆಲ್ಲ ಹೊದಿಕೆಯ ಕಾಗದದ ಅಲಂಕಾರಶಾಸ್ತ್ರ. ಅತಿಶಯೋಕ್ತಿ ಎಂದು ಅದಕ್ಕೆ ನಾವು ಹೆಸರಿಟ್ಟಿದ್ದೇವೆ. ಮದ್ಯಸಾರಕ್ಕೆ ಸಾಬೂನಿನಲ್ಲಿ ನಿಜವಾದ ಕೆಲಸವಿರುವುದು ಇನ್ನೊಂದು ಕಡೆ. 1807ರಲ್ಲಿ ಲಂಡನ್ನಿನಲ್ಲಿ ಆಂಡ್ರ್ಯೂ ಪಿಯರ್ಸ್ ಎಂಬ ಕ್ಷೌರಿಕನು ಮಾಡಿದ ಪಾರದರ್ಶಕ ಸಾಬೂನಿನ ಗುಟ್ಟು ಮದ್ಯಸಾರವೇ. ಸಾಬೂನನ್ನು ಅದರಲ್ಲಿ ಕರಗಿಸಿ, ಮದ್ಯಸಾರವನ್ನು ಆರಲು ಬಿಟ್ಟರೆ, ಸಾಬೂನಿನ ಹರಳುಗಳು ದೊಡ್ಡದಾಗಿ ಕಟ್ಟಿಕೊಳ್ಳದೆ ಬಿಲ್ಲೆ ಗಾಜಿನಂತೆ ತಿಳಿಯಾಗುತ್ತದೆ. ನಾವು ಬಾಲ್ಯದಲ್ಲಿ ಜೇನಿನ ಬಣ್ಣದ ಆ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ಅದರೊಳಗೆ ಸುರೆಯ ಉಪಕಾರವಿದೆಯೆಂದು ಯಾರೂ ಹೇಳಲಿಲ್ಲ, ಹೊದಿಕೆಯ ಮೇಲೆ ಬರೆಯಲೂ ಇಲ್ಲ. ಇಲ್ಲಿಯದು ಅದರ ವಿಪರ್ಯಾಸ: ಮದ್ಯ ಹಾರಿಹೋಗಿದೆ, ಹೆಸರು ಮಾತ್ರ ನಿಂತಿದೆ.

ಆ ಹೆಸರಿನ ಬಳಿಯೇ ತೊಡಕು ಇದ್ದದ್ದು. “ಅವ್ವ ಒಲ್ಲೆ ಅಂತಾಳ ಸರ” ಎಂದು ಹುಡುಗಿ ತಲೆ ತಗ್ಗಿಸಿದಳು.

ಈ ಅವ್ವನನ್ನು ನಾನು ಬಲ್ಲೆ. 2019ರ ಜನವರಿಯಲ್ಲಿ ಮದ್ಯನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಣ್ಣುಮಕ್ಕಳು ನಡೆದುಕೊಂಡು ಹೋದರಲ್ಲ, ಅವರಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಿಂದ ಹೊರಟವರು ಅನೇಕರು. ಈಕೆಯೂ ಅವರಲ್ಲಿ ಒಬ್ಬಳು. 19ನೆಯ ತಾರೀಖಿಗೆ ಹೊರಟ ಆ ನಡಿಗೆ ಗಾಂಧೀಜಿಯವರ ಪುಣ್ಯತಿಥಿಯಾದ 30ನೆಯ ತಾರೀಖಿಗೆ ರಾಜಧಾನಿಯನ್ನು ಮುಟ್ಟಿತು. ಸಾರಾಯಿಯನ್ನು ಸರ್ಕಾರ 2007ರ ಜುಲೈ 1ರಿಂದ ನಿಲ್ಲಿಸಿತ್ತು, ನಿಜ. ಆದರೆ ಕೊಟ್ಟೆ ಹೋಗಿ ಸೀಸೆ ಬಂತು. ಸೀಸೆಯ ಬೆಲೆ ಹೆಚ್ಚು, ಆದ್ದರಿಂದ ಮನೆಗೆ ಬರುವ ಕೂಲಿ ಇನ್ನೂ ಕಡಮೆಯಾಯಿತು. ಹೀಗೆಂಬುದು ಆ ಹೆಂಗಸರ ಅರ್ಥಶಾಸ್ತ್ರ. ಅದನ್ನು ಅಲ್ಲಗಳೆಯುವ ಪಾಂಡಿತ್ಯ ನನ್ನಲ್ಲಿಲ್ಲ. ಈ ಮನೆಯ ಯಜಮಾನನೂ ಕುಡಿತದಿಂದಲೇ ಮಧ್ಯವಯಸ್ಸಿಗೆ ಮುನ್ನ ತೀರಿಕೊಂಡವನು. ಮರುವಾರ ನಾನು ಅವರ ಮನೆಗೆ ಹೋದಾಗ ಆಕೆ ಚಹಾ ಕೊಟ್ಟು, ಬಾಗಿಲ ಬಳಿ ನಿಂತು, ನನ್ನನ್ನು ಒಂದೇ ಮಾತು ಕೇಳಿದಳು: “ಬಾಟ್ಲಿ ಹೊಸ್ತಿಲು ದಾಟಬಾರ್ದು ಅಂತ ಕಾಲು ಬೊಬ್ಬಿ ಬರೂತನ ನಡದೀನ್ರಿ ಗುರುಗಳೇ. ಈಗ ಮಗಳೇ ಬಾಟ್ಲಿ ತಂದ್ಳು. ಕುಡಿಯಾಕಲ್ಲ, ಖರೆ. ಓಣಿ ಮಂದಿಗೆ ಅದು ಹೆಂಗ ಗೊತ್ತಾಗ್ತದ?”

ಈ ಪ್ರಶ್ನೆಯನ್ನು ಹಳೆಯ ಮಡಿವಂತರ ಕೊಬ್ಬಿನ ಶಂಕೆಯ ಜೊತೆಗಿಟ್ಟು ನಗುವವರು ಇರಬಹುದು. ನಾನು ನಗಲಾರೆ. ಅಲ್ಲಿದ್ದದ್ದು ಆಚಾರದ ಅಂಜಿಕೆ; ಇಲ್ಲಿರುವುದು ಅನುಭವದ ಗಾಯ. ಆದರೆ ಮಗಳ ಪಕ್ಷವೂ ಬಲವಾದದ್ದೇ. ಅವಳಿಗೆ ಇಬ್ಬರು ಮಕ್ಕಳು, ಗಂಡನ ಸಂಬಳ ಅನಿಶ್ಚಿತ. ಬಿಯರು ಕುದಿದು ಸತ್ತ ಮೇಲೆ ಅದು ಧಾನ್ಯದ ಕಷಾಯವಲ್ಲದೆ ಮತ್ತೇನೂ ಅಲ್ಲವೆಂದು ಅವಳಿಗೆ ಗೊತ್ತು. ಕುಡುಕರಿಂದ ಕಳೆದುಕೊಂಡ ಮನೆ ಆ ಕಷಾಯದಿಂದ ನಾಲ್ಕು ಕಾಸು ಗಳಿಸಿದರೆ ತಪ್ಪೇನು ಎಂಬುದು ಅವಳ ವಾದ. ತಾಯಿಯ ಎದುರಿನಲ್ಲಿ ಮಾತ್ರ ಅದನ್ನು ಆಡಲಾರಳು.

ವಾದ ಹಾಗಿರಲಿ, ಲೆಕ್ಕ ಮಾಡೋಣವೆಂದು ಕಾಗದ ತೆಗೆದುಕೊಂಡೆವು. ಅಂಗಡಿಯ ದರಗಳು ವಾರಕ್ಕೊಮ್ಮೆ ಬದಲಾಗುವುದರಿಂದ ಇವನ್ನು ಲೆಕ್ಕಕ್ಕಾಗಿ ಹಿಡಿದ ಅಂಕಿಗಳೆಂದೇ ಓದುಗರು ಎಣಿಸಬೇಕು. ಒಂದು ಸಲದ ಪಾಕಕ್ಕೆ ಎಣ್ಣೆಗಳು 282 ರೂಪಾಯಿ, ಸೋಡಾ 20, ಬಿಯರು 180, ಪರಿಮಳವೂ ಕಾಗದವೂ ಸೇರಿ 60, ಒಟ್ಟು 542. ಹುಡುಗಿ ಇಲ್ಲಿಗೇ ಗೆರೆ ಎಳೆದು ಹನ್ನೆರಡರಿಂದ ಭಾಗಿಸಿ “ಬಿಲ್ಲಿಗೆ ನಲವತ್ತೈದು ಬೀಳ್ತದ ಸರ, ಅರವತ್ತಕ್ಕ ಕೊಟ್ರ ಆತು” ಎಂದಳು. ನಾನು ತಡೆದೆ. ಬೆಳಗಿನ ಜಾವಕ್ಕೆ ಎದ್ದದ್ದು, ಕಡೆದದ್ದು, ಕೊಯ್ದದ್ದು, ಸುತ್ತಿದ್ದು, ಪಾತ್ರೆ ತೊಳೆದದ್ದು ಎಲ್ಲ ಕೂಡಿ ನಾಲ್ಕು ತಾಸಿಗೆ ಕಡಮೆಯಲ್ಲ. ಅದಕ್ಕೆ ಕೂಲಿ? “ಮನಿ ಕೆಲಸ ಅಲ್ಲೇನ್ರಿ ಸರ” ಎಂದಳು. ನಮ್ಮ ದೇಶದ ಕೈಕಸುಬುಗಳೆಲ್ಲ ಸೋತದ್ದು ಈ ಒಂದು ಮಾತಿನಲ್ಲಿ. ನೇಯ್ಗೆಯವನು ಹೆಂಡತಿ ಸುತ್ತಿದ ಕಂಡಿಕೆಗೆ ಕೂಲಿ ಹಿಡಿಯಲಿಲ್ಲ, ಕುಂಬಾರನು ಮಗ ತುಳಿದ ಮಣ್ಣಿಗೆ ಹಿಡಿಯಲಿಲ್ಲ. ಕಾರ್ಖಾನೆಯವನು ಪ್ರತಿ ಕೈಗೂ ಹಿಡಿದು, ಯಂತ್ರದಿಂದ ಅದನ್ನು ಹಂಚಿಕೊಂಡು, ಗೆದ್ದ. ತಾಸಿಗೆ 60 ರೂಪಾಯಿಯಾದರೂ ಹಾಕೆಂದು ಬಲವಂತಮಾಡಿ 240 ಬರೆಸಿದೆ. 782 ಆಯಿತು. ಮುರಿದದ್ದು, ಮಾರದೆ ಉಳಿದದ್ದು, ಒಲೆಯ ಅನಿಲ, ವಿದ್ಯುಚ್ಛಕ್ತಿ ಇವಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 860. ಬಿಲ್ಲೆಗೆ 72 ರೂಪಾಯಿ.

ಹನ್ನೆರಡು ಬಿಲ್ಲೆ ಏಕೆಂದು ಕೇಳಬಹುದು. ಎಣ್ಣೆ, ಸೋಡಾ, ಕುದಿದ ಬಿಯರು ಮೂರೂ ಸೇರಿ 1470 ಗ್ರಾಂ ಚಿಲ್ಲರೆ ಪಾಕವಾಗುತ್ತದೆ. ಅದನ್ನು ಹದಿಮೂರು ಭಾಗ ಮಾಡಿದರೆ ಹಸಿಯಲ್ಲಿ ಒಂದೊಂದೂ 113 ಗ್ರಾಂ. ಆರು ವಾರ ನೀರು ಆರಿದ ಮೇಲೆ ಹೆಚ್ಚು ಕಡಮೆ 100 ಗ್ರಾಂ. ಹಸಿಯ ತೂಕವನ್ನು ಕಾಗದದ ಮೇಲೆ ಬರೆದು ಮಾರುವವರೂ ಉಂಟು. ಅದು ಹಸಿಯ ಕಳ್ಳತನ. ಹದಿಮೂರರಲ್ಲಿ ಒಂದು ಪರೀಕ್ಷೆಗೆ. ಅದನ್ನು ಅವಳು ತನ್ನ ಮೈಗೇ ಮೊದಲು ಹಚ್ಚಿಕೊಂಡು ನೋಡುತ್ತಾಳೆ. ಅಂಗಡಿಯಲ್ಲಿ ಸಿಗುವ ಕಾರ್ಖಾನೆಯ ಬಿಲ್ಲೆಗೆ ಇಷ್ಟೊಂದು ಬೀಳುವುದಿಲ್ಲ. ಅಲ್ಲಿ ಮೇದಸ್ಸಿನ ಅಂಶ ನೂರಕ್ಕೆ 76 ಇದ್ದರೆ ಮೊದಲನೆಯ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು ಎಂದು ಭಾರತೀಯ ಮಾನಕದಲ್ಲಿ ವಿಧಿಸಿದ್ದಾರೆ. ಹೊದಿಕೆಯ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಅದು ಇರುತ್ತದೆ, ಓದಿಕೊಂಡು ಕೊಳ್ಳುವುದು ಒಳ್ಳೆಯದು.

ಬೆಂಗಳೂರಿನ ಅಂಗಡಿಯವನು ಮಾರಿದ ನೂರರಲ್ಲಿ ನಲವತ್ತನ್ನು ತನಗೆಂದು ಹಿಡಿದುಕೊಳ್ಳುತ್ತಾನೆ. ಹಾಗಾದರೆ 120 ರೂಪಾಯಿ ಬೆಲೆ ಇಟ್ಟರೆ ಹುಡುಗಿಗೆ ಬರುವುದು ಸರಿಯಾಗಿ 72, ಗಳಿಕೆ ಸೊನ್ನೆ. 150 ಇಟ್ಟರೆ 90 ಬರುತ್ತದೆ, ಬಿಲ್ಲೆಗೆ 18 ಉಳಿಯುತ್ತದೆ. ಅಂಗಡಿಯವನು 250ಕ್ಕೂ ಹೋಗುತ್ತದೆಂದು ಬರೆದಿದ್ದ. ಆಗ ಅವಳ ಪಾಲು 150, ಉಳಿಕೆ 78. ಇನ್ನೂರು ಬಿಲ್ಲೆಗೆ 15,600 ರೂಪಾಯಿ. ಅಂಕಿಯನ್ನು ನೋಡಿ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ನನ್ನ ಮೊದಲ ವರ್ಷದ ಅತಿಥಿ ಉಪನ್ಯಾಸಕ ವೃತ್ತಿಯ ತಿಂಗಳ ಗೌರವಧನ ಅಷ್ಟಿರಲಿಲ್ಲ.

ಆಮೇಲೆ ನಾನು ಇನ್ನೊಂದು ಲೆಕ್ಕವನ್ನು ಹಾಕಿಸಿದೆ. ಬಿಯರಿನಲ್ಲಿ ಉಳಿಯುವುದು ಸಕ್ಕರೆಯೇ ಆದರೆ, ಅದೇ ನೊರೆಯನ್ನೂ ಬಣ್ಣವನ್ನೂ ಬೆಲ್ಲದ ನೀರು ಕೊಡಲಾರದೆ? ಬೆಲ್ಲಕ್ಕೆ 10 ರೂಪಾಯಿ ಹಿಡಿದರೆ ಎಲ್ಲ ಸೇರಿ ಬಿಲ್ಲೆಗೆ ಬೀಳುವುದು 56. ಎಂದರೆ ಒಂದು ಬಿಲ್ಲೆಯೊಳಗೆ ಬಿಯರು ವಸ್ತುವಾಗಿ ಹೊತ್ತು ತಂದದ್ದು ಹದಿನಾರು ರೂಪಾಯಿ. ಆ ಹದಿನಾರರಲ್ಲಿಯೂ ದೊಡ್ಡ ಪಾಲು ಸರ್ಕಾರದ ಸುಂಕ. ಸಾಬೂನಿನ ಮೇಲಿನ ಸರಕು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 18ರಿಂದ 5ಕ್ಕೆ ಇಳಿಸಿದ್ದಾರೆ. ಕುಡಿಯುವ ಮದ್ಯ ಆ ತೆರಿಗೆಯ ಹೊರಗೇ ನಿಂತು ರಾಜ್ಯಗಳ ಬೊಕ್ಕಸವನ್ನು ಬೇರೆಯಾಗಿ ತುಂಬುತ್ತದೆ. ಹೀಗಾಗಿ ಬಿಯರಿನ ಸಾಬೂನು ಕೊಂಡವನು ತೊಳೆಯುವುದಕ್ಕೆ ಸಣ್ಣ ತೆರಿಗೆಯನ್ನೂ, ತಾನು ಕುಡಿಯದ ಕುಡಿತಕ್ಕೆ ದೊಡ್ಡ ಸುಂಕವನ್ನೂ ತೆರುತ್ತಾನೆ. ಮಿಕ್ಕದ್ದೆಲ್ಲ ಹೆಸರಿನ ಬೆಲೆ. ಧ್ವನಿಗೆ ಇಷ್ಟೊಂದು ಬೆಲೆ ಉಂಟೆಂದು ಆನಂದವರ್ಧನನಿಗೂ ತಿಳಿದಿರಲಾರದು.

ಬೆಲ್ಲದ ಪಾಕವನ್ನೂ ಅವಳು ಮಾಡಿ ತಂದಳು. ಸೋಡಾದ ಕಾವಿಗೆ ಬೆಲ್ಲ ಕೆಂಪೇರಿ, ಬಿಲ್ಲೆಗೆ ಹಳೆಯ ತಾಳೆಗರಿಯ ಬಣ್ಣ ಬಂದಿತ್ತು. ಎರಡನ್ನೂ ಕಾಗದ ಸುತ್ತದೆ ನಮ್ಮ ಮನೆಯಲ್ಲಿ ವಾರ ಬಳಸಿದೆವು. ಯಾವುದು ಯಾವುದೆಂದು ನನ್ನ ಹೆಂಡತಿ ಹೇಳಲಾರದೆ ಹೋದಳು. ನಾನೂ ಹೇಳಲಾರದೆ ಹೋದೆ. ನಮ್ಮಲ್ಲಿ ಹಿಪ್ಪೆಯ ಮರವೊಂದಿದೆ: ಹೂವಿನಿಂದ ಮದ್ಯ ಭಟ್ಟಿ ಇಳಿಸುತ್ತಾರೆ, ಬೀಜದಿಂದ ಎಣ್ಣೆ ತೆಗೆದು ಸಾಬೂನು ಮಾಡುತ್ತಾರೆ, ಹಿಂಡಿಯನ್ನು ತಲೆ ತೊಳೆಯಲು ಬಳಸುತ್ತಾರೆ. ಮರ ಯಾರನ್ನೂ ಕೇಳುವುದಿಲ್ಲ. ಮುಂದೆ ಹಿಪ್ಪೆಯೆಣ್ಣೆ ಸಿಕ್ಕರೆ ಪರೀಕ್ಷಿಸು ಎಂದು ಹುಡುಗಿಗೆ ಹೇಳಿದ್ದೇನೆ.

ಕಾನೂನಿನ ಮಾತೂ ಇದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯಲ್ಲಿ ಮೊದಲು ಸಾಬೂನನ್ನು ಪ್ರಸಾಧನದಿಂದ ಹೊರಗಿಟ್ಟಿದ್ದರು. 1982ರ ತಿದ್ದುಪಡಿ ಅದನ್ನು ಒಳಗೆ ತಂದಿತು. ಈಗ 2020ರ ನಿಯಮಗಳ ಪ್ರಕಾರ ಮಾರಾಟಕ್ಕೆ ಸಾಬೂನು ಮಾಡುವವರು ಪರವಾನಿಗೆ ಪಡೆಯಬೇಕು. ಹೊದಿಕೆಯ ಮೇಲೆ ತೂಕ, ಬೆಲೆ, ತಯಾರಾದ ತಿಂಗಳು, ತಯಾರಿಸಿದವರ ವಿಳಾಸ ಇರಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಮಾಡಿ ಚೀಲದಲ್ಲಿ ಕಳಿಸುವ ಕಾಲ ಅಲ್ಲ. ಹಬ್ಬಕ್ಕೆ ನೆಂಟರಿಗೆ ಕೊಡುವುದು ಬೇರೆ, ಇನ್ನೂರನ್ನು ಅಂಗಡಿಗೆ ಕಳಿಸುವುದು ಬೇರೆ. ಈ ವಿಷಯ ಹೇಳಿದಾಗ ಅವಳ ಮುಖ ಬಾಡಿತು. ಬೇರೆ ಕೋಣೆ ಬೇಕು, ಅರ್ಜಿ ಬೇಕು, ಶುಲ್ಕ ಬೇಕು. ಅದನ್ನೂ ಬೆಲೆಯೊಳಗೆ ಸೇರಿಸಬೇಕಲ್ಲವೆ ಸರ ಎಂದು ತಾನಾಗಿಯೇ ಕೇಳಿದಳು. ಹೌದೆಂದೆ.

ಅವಳು ಬೆಂಗಳೂರಿಗೆ ಬರೆದ ಪತ್ರವನ್ನು ನನಗೆ ತೋರಿಸಿದಳು. ಬಿಯರಿನ ಸಾಬೂನು ಸದ್ಯಕ್ಕೆ ಮಾಡುವುದಿಲ್ಲ; ಪರವಾನಿಗೆ ಬಂದ ಮೇಲೆ ಬೆಲ್ಲದ್ದನ್ನು 110 ರೂಪಾಯಿಗೆ ಕೊಡಬಲ್ಲೆ ಎಂದಿತ್ತು. ಅಷ್ಟಕ್ಕೆ ಅವಳ ಪಾಲು 66, ಉಳಿಕೆ 10. ಅಂಗಡಿಯವನ ಉತ್ತರ ಎರಡೇ ದಿನದಲ್ಲಿ ಬಂತು: ಬೆಲ್ಲದ್ದಾದರೆ ಇಪ್ಪತ್ತೈದು ಸಾಕು, ಬಿಯರಿನದ್ದಾದರೆ ಇನ್ನೂರರ ಮಾತು ಈಗಲೂ ಉಂಟು. ಇಪ್ಪತ್ತೈದಕ್ಕೇ ಅವಳು ಒಪ್ಪಿದ್ದಾಳೆ. ತಾಯಿಯ ಮಾತಿಗೆ ಒಪ್ಪಿದಳೋ, ಲೆಕ್ಕಕ್ಕೆ ಒಪ್ಪಿದಳೋ, ಎರಡೂ ಅಲ್ಲದೆ ಮುಂದೆ ನೋಡೋಣವೆಂದು ತಡೆದಿದ್ದಾಳೋ, ಅವಳ ಮಾತಿನಿಂದ ಗೊತ್ತಾಗಲಿಲ್ಲ. ಬಿಯರಿನ ಪಾಕದ ಅಳತೆಗಳನ್ನು ಬರೆದ ಹಾಳೆಯನ್ನಂತೂ ಹರಿದು ಹಾಕಿಲ್ಲ.

ಈಗ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಅರ್ಜಿ ಹಾಕಿದ್ದಾರೆ. ಕೊಯ್ಯುವ ಕೆಲಸವನ್ನು ತಾಯಿ ತಾನೇ ವಹಿಸಿಕೊಂಡಿದ್ದಾಳೆ; ಎರಡು ಕಡ್ಡಿಗಳ ನಡುವೆ ಬಿಗಿದ ತಂತಿಯಿಂದ ಆಕೆ ಕೊಯ್ದ ಬಿಲ್ಲೆಗಳಲ್ಲಿ ಎರಡು ಗ್ರಾಮಿನ ಹೆಚ್ಚುಕಡಮೆ ಇರುವುದಿಲ್ಲ. ಆಕೆಯ ಕೂಲಿಯನ್ನೂ ಲೆಕ್ಕದಲ್ಲಿ ಬರೆಯಬೇಕೆಂದು ಹೇಳಿದೆ. ಮಗಳು ಬರೆದುಕೊಂಡಳು, ತಾಯಿ ನಕ್ಕಳು. ಹೆಸರಿನ ವಿಷಯದಲ್ಲಿ ಮಾತ್ರ ನನ್ನ ಪಾಂಡಿತ್ಯ ಏನೂ ನಡೆಯಲಿಲ್ಲ. ಗುಡಫೇನ ಎಂದು ನಾನು ಸೂಚಿಸಿದ್ದೆ, ಗುಡವೆಂದರೆ ಬೆಲ್ಲ, ಫೇನವೆಂದರೆ ನೊರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಚ್ಚಿಗೆ ಹೋಗಬೇಕಾದ ಕಾಗದದ ಕರಡು ನನ್ನ ಮೇಜಿನ ಮೇಲಿದೆ. ಕಾಗುಣಿತ ನೋಡಿಕೊಡಿ ಎಂದು ಬಿಟ್ಟುಹೋಗಿದ್ದಾಳೆ. ‘ಬೆಲ್ಲದ ಸಬಕಾರ, ಮಾನ್ವಿ. ತೂಕ 100 ಗ್ರಾಂ. ಬೆಲೆ 110 ರೂಪಾಯಿ.’ ತಿದ್ದುವಂಥದ್ದೇನೂ ಇಲ್ಲ.